ಅತ್ತೆ ಆಕಾಶಕ್ಕೆ ಹಾರಿದ ಮೇಲೆ

"ನೀವು ಕೊಟ್ಟ ಪುಸ್ತಕದಿಂದ ನಮ್ಮತ್ತೆ ಸತ್ತೋದ್ರು!"

ಹಳೇ ಪುಸ್ತಕದಂಗಡಿಯ ಬಾಗಿಲಲ್ಲೇ ನಿಂತು ಹಲ್ಲಿನ ಡಾಕ್ಟರು ಹೀಗೆ ಕೂಗಿದರೂ ಅಂಗಡಿಯವರು ತಲೆ ಎತ್ತಲಿಲ್ಲ. ಓದುತ್ತಿದ್ದ ಪುಟ ಮುಗಿಸಿದರು. ಬೆರಳನ್ನು ನಡುವೆ ಸಿಕ್ಕಿಸಿ ಪುಸ್ತಕ ಮಡಚಿದರು. ಆಮೇಲೆ ಸಾವಕಾಶವಾಗಿ ದುಃಖಪಟ್ಟರು.

ಅಂಗಡಿಯವರು: ಛೆ ಛೆ ಛೆ. ದಪ್ಪ ಪುಸ್ತಕ ಅದು. ಎತ್ತರದಲ್ಲಿ ಇಡಬೇಡಿ ಅಂತ ಆವತ್ತೇ ಹೇಳೋಣ ಅಂತಿದ್ದೆ. ತಲೆ ಮೇಲೆ ಬಿತ್ತಾ?

ಡಾಕ್ಟರು: ಬೀಳಲಿಲ್ಲ. ಅದರ ಕಥೆ ಹೇಳಿದೆ.

ಅಂಗಡಿಯವರು: ಪೂರ್ತಿ ಹೇಳಿಬಿಟ್ರಾ?

ಡಾಕ್ಟರು: ಮೊದಲ ಮೂರು ಅಧ್ಯಾಯ ಅಷ್ಟೇ.

ಅಂಗಡಿಯವರು: ಅಷ್ಟಕ್ಕೇ ಹೋದ್ರಾ? ಪಾಪ, ಮೊದಲೇ ಹೃದಯದ ತೊಂದರೆ ಇತ್ತೋ ಏನೋ.

ಡಾಕ್ಟರು: ಯಾವ ತೊಂದರೆನೂ ಇರಲಿಲ್ಲ! ಗುಂಡುಕಲ್ಲಿನ ಹಾಗೆ ಕೂತಿದ್ರು. ಇದ್ದಕ್ಕಿದ್ದ ಹಾಗೆ ‘ಇನ್ನು ನನ್ನ ಕೈಲಿ ತಡೆಯಕ್ಕಾಗಲ್ಲ’ ಅಂದವರೇ ಗಗನನೌಕೆ ಬಾಗಿಲು ತೆಗೆದು ಆಕಾಶಕ್ಕೆ ಹಾರಿಬಿಟ್ರು.

ಅಂಗಡಿಯವರು: ಯಾವುದರ ಬಾಗಿಲು?

ಡಾಕ್ಟರು: ನೌಕೆದು ರೀ. ಉಸಿರಾಡೋ ಸೂಟು ಕೂಡ ಹಾಕ್ಕೊಳ್ಳಲಿಲ್ಲ. ಬೇಕಂತಲೇ! ಹಾರಿದ್ರು, ಸತ್ರು, ಅಡುಗೆಮನೆಗೆ ಹೋಗಿ ಕಾಫಿ ಮಾಡ್ಕೊಂಡ್ರು. ನನಗೆ ಒಂದು ಲೋಟ ಕೊಡಲಿಲ್ಲ.

ಅಂಗಡಿಯವರು ಬೆರಳು ಸಿಕ್ಕಿಸಿದ್ದ ಪುಸ್ತಕವನ್ನು ಮೆಲ್ಲಗೆ ತೊಡೆಯ ಕೆಳಗೆ ತಳ್ಳಿ, ಎದುರಿನ ಸ್ಟೂಲಿನ ಮೇಲಿದ್ದ ಹಳೇ ಪತ್ರಿಕೆಗಳ ಕಟ್ಟನ್ನು ಕೆಳಗಿಳಿಸಿದರು. ಇಷ್ಟು ತಲೆ ಕೆಟ್ಟವರನ್ನು ನಿಲ್ಲಿಸಿ ಮಾತಾಡಿಸಬಾರದು ಎಂಬ ಮಟ್ಟಿನ ಸೌಜನ್ಯ ಅವರಲ್ಲಿತ್ತು.

ಡಾಕ್ಟರ ತಲೆ ಕೆಟ್ಟಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು. ಪ್ರತಿ ಭಾನುವಾರ ಸಂಜೆ ಅವರ ಮನೆಯ ಊಟದ ಮೇಜಿನ ಸುತ್ತ ಒಂದು ಆಟ ನಡೆಯುತ್ತದೆ. ರೋಲ್‌ಪ್ಲೇಯಿಂಗ್ ಗೇಮ್. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಕೂತು, ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಗೆದ್ದರೋ ಸೋತರೋ ಎಂದು ದಾಳ ಉರುಳಿಸಿ ನೋಡುತ್ತಾರೆ. ಡಾಕ್ಟರ ಮನೆಯದು ಬಾಹ್ಯಾಕಾಶದ ಆಟ. ಹೆಂಡತಿ ನೌಕೆಯ ಮೆಕ್ಯಾನಿಕ್, ಭಾವಮೈದ ಪೈಲಟ್, ಅತ್ತೆ ಕ್ಯಾಪ್ಟನ್. ಅತ್ತೆ ಬೇರೇನೂ ಆಗಲು ಒಪ್ಪಿರಲಿಲ್ಲ. ಕಥೆ ನಡೆಸುವವರ ದೊಡ್ಡ ಕುರ್ಚಿ ಮೊದಲಿನಿಂದಲೂ ಡಾಕ್ಟರದು. ಆ ಕುರ್ಚಿ ಈಗ ಅಲುಗಾಡುತ್ತಿತ್ತು.

ಡಾಕ್ಟರು: ಅತ್ತೆ ಸತ್ತಮೇಲೆ ಎಲ್ಲರೂ ಸೇರಿ ತೀರ್ಮಾನ ಮಾಡಿದ್ದಾರೆ. ನಾಳೆ ಭಾನುವಾರ ನನಗೆ ಕೊನೇ ಅವಕಾಶ. ಚೆನ್ನಾಗಿರಲಿಲ್ಲ ಅಂದ್ರೆ ಕುರ್ಚಿ ನನ್ನ ಭಾವಮೈದನಿಗೆ.

ಅಂಗಡಿಯವರು: ಪಾಪ, ಅವನೇನಂತಾನೆ?

ಡಾಕ್ಟರು: ಏನಂತಾನೆ! ‘ಭಾವ, ನೀವು ಸ್ವಲ್ಪ ರೆಸ್ಟ್ ತಗೊಳ್ಳಿ, ದಣಿದಿದ್ದೀರಿ’ ಅಂತಾನೆ. ನನ್ನ ಮನೇಲಿ, ನನ್ನ ಮೇಜಿನ ಮುಂದೆ, ನಾನು ಕೊಂಡ ದಾಳ ಕೈಲಿ ಹಿಡ್ಕೊಂಡು!

ಅಂಗಡಿಯವರು: ಒಳ್ಳೇ ಹುಡುಗ. ಹಿರಿಯರ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ.

ಡಾಕ್ಟರು: ಎಲ್ಲಾ ನಿಮ್ಮಿಂದ ಆಗಿದ್ದು. ಸ್ಫೂರ್ತಿಗೆ ಒಂದು ವಿಜ್ಞಾನ ಕಾದಂಬರಿ ಬೇಕು ಅಂತ ಕೇಳಿದ್ರೆ ಏನು ಕೊಟ್ರಿ? ಮೊದಲನೇ ಅಧ್ಯಾಯದಲ್ಲಿ ಗಾಳಿಯ ಒತ್ತಡದ ಬಗ್ಗೆ ಮೀಟಿಂಗು. ಎರಡನೇ ಅಧ್ಯಾಯದಲ್ಲಿ ಆ ಮೀಟಿಂಗು ಮುಂದಕ್ಕೆ ಹೋಗುತ್ತೆ. ಮೂರನೇದರಲ್ಲಿ ಯಾಕೆ ಮುಂದಕ್ಕೆ ಹೋಯ್ತು ಅಂತ ವಿಚಾರಣೆ!

ಅಂಗಡಿಯವರು: ಆರನೇ ಅಧ್ಯಾಯದಲ್ಲಿ ವಿಚಾರಣೆ ಸಮಿತಿಯೊಳಗೇ ಜಗಳ ಬರುತ್ತೆ. ಕೊನೇಗೆ ಒತ್ತಡ ಸರಿಯಾಗೇ ಇತ್ತು, ಮೀಟರ್ ಕೆಟ್ಟಿತ್ತು ಅಂತ ಗೊತ್ತಾಗುತ್ತೆ. ಎರಡು ಸಲ ಓದಿದ್ದೀನಿ.

ಡಾಕ್ಟರು: ಗೊತ್ತಿದ್ದೂ ಕೊಟ್ರಾ?

ಅಂಗಡಿಯವರು: ನೀವು ಕೇಳಿದ್ದು ಜ್ಞಾಪಿಸಿಕೊಳ್ಳಿ ಡಾಕ್ಟ್ರೇ. ‘ದಪ್ಪದು ಕೊಡಿ, ತುಂಬಾ ದಿನ ಬರಬೇಕು’ ಅಂದ್ರಿ. ಒಳ್ಳೇದು ಕೊಡಿ ಅಂತ ನಿಮ್ಮ ಬಾಯಲ್ಲಿ ಬರಲೇ ಇಲ್ಲ.

ಡಾಕ್ಟರಿಗೆ ಅದು ನಿಜವೆಂದು ನೆನಪಾಯಿತು. ನೆನಪಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಆದರೂ ಗರಜು ಅವರದು. ಕರವಸ್ತ್ರದಿಂದ ಸ್ಟೂಲಿನ ಧೂಳು ಒರೆಸಿ, ಕೂತು, ಧ್ವನಿಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಕೇಳಿದರು.

ಡಾಕ್ಟರು: ಆಯ್ತು ಯಜಮಾನ್ರೇ. ಈಗ ಒಳ್ಳೇದು ಹೇಳಿ. ನನ್ನ ಮರ್ಯಾದೆ ಉಳೀಬೇಕು, ಅಂಥದ್ದು.

ಅಂಗಡಿಯವರು: ಹಾಗೆ ಬನ್ನಿ ದಾರಿಗೆ. ಒಂದು ಗ್ರಹ. ಅಲ್ಲಿರೋ ಜನ ಎಲ್ಲಾ ಒಂದೇ ದಿನ ನಿದ್ದೆಗೆ ಬೀಳ್ತಾರೆ. ರಾಜ, ಪೊಲೀಸು, ಹಾಲು ಕುಡಿಯೋ ಮಗು, ಎಲ್ಲಾ. ಟಪಾಲು ಹಂಚೋ ಒಬ್ಬ ಹೆಂಗಸಿಗೆ ಮಾತ್ರ ನಿದ್ದೆ ಬರಲ್ಲ. ಒಬ್ಬಳೇ ಊರೆಲ್ಲಾ ಸುತ್ತಿ, ಸುಸ್ತಾಗಿ, ಮನೆಗೆ ಬಂದು ಕೂರ್ತಾಳೆ. ಬೆಳಗ್ಗೆ ಬಾಗಿಲು ತೆಗೆದು ನೋಡಿದ್ರೆ, ಬೀದಿ ಉದ್ದಕ್ಕೂ ಯಾರೋ ಕಸ ಗುಡಿಸಿದ್ದಾರೆ.

ಡಾಕ್ಟರು ಸ್ಟೂಲನ್ನು ಮುಂದಕ್ಕೆಳೆದುಕೊಂಡರು.

ಡಾಕ್ಟರು: ಯಾರು ಗುಡಿಸಿದ್ದು?

ಅಂಗಡಿಯವರು: ಅದೇ ನನಗೂ ಆಶ್ಚರ್ಯ.

ಡಾಕ್ಟರು: ಆಟ ಆಡಿಸಬೇಡಿ. ಆ ಪುಸ್ತಕ ಕೊಡಿ.

ಅಂಗಡಿಯವರು: ಅದು ಹೋಯ್ತಲ್ಲ. ಒಬ್ಬಳು ನರ್ಸ್ ಬಂದು ತಗೊಂಡು ಹೋದಳು.

ಡಾಕ್ಟರು: ಹೋಗಿರೋ ಪುಸ್ತಕ ನನಗ್ಯಾಕೆ ಹೇಳಿದ್ರಿ? ಇನ್ನೊಂದು ಹೇಳಿ.

ಅಂಗಡಿಯವರು: ಇದು ಅದಕ್ಕಿಂತ ಮೇಲು. ಯಂತ್ರಗಳದೇ ಒಂದು ಊರು. ನ್ಯಾಯಾಧೀಶನೂ ಯಂತ್ರ, ಕಟಕಟೆಯಲ್ಲಿ ನಿಂತಿರೋ ಕೊಲೆಗಾರನೂ ಯಂತ್ರ, ಇಬ್ಬರೂ ಒಂದೇ ಕಾರ್ಖಾನೆಯವರು. ಸಾಕ್ಷಿ ನಡೀತಾ ಇರುತ್ತೆ. ನ್ಯಾಯಾಧೀಶನಿಗೆ ಮೆಲ್ಲಗೆ ಅರಿವಾಗುತ್ತೆ, ಆ ಕೊಲೆ ಮಾಡಿದ ನೆನಪು ಕಟಕಟೇಲಿರೋನಿಗಿಲ್ಲ, ತನ್ನ ತಲೇಲಿದೆ ಅಂತ.

ಡಾಕ್ಟರು: ಅಬ್ಬಾ! ಆಮೇಲೆ ತೀರ್ಪು ಏನು ಕೊಡ್ತಾನೆ?

ಅಂಗಡಿಯವರು: ತೀರ್ಪು ಕೊಡಕ್ಕೆ ಬಾಯಿ ತೆಗೆದ. ಅಷ್ಟರಲ್ಲಿ ಟ್ರಾಫಿಕ್ ಪೊಲೀಸ್ ಬಂದ.

ಡಾಕ್ಟರು: ಕೋರ್ಟಿನೊಳಗೆ ಟ್ರಾಫಿಕ್ ಪೊಲೀಸ್ ಯಾಕೆ?

ಅಂಗಡಿಯವರು: ಕೋರ್ಟಿಗಲ್ಲ, ಅಂಗಡಿಗೆ. ಪುಸ್ತಕ ತಗೊಂಡು ಹೋದ.

ಡಾಕ್ಟರು ಎದ್ದು ನಿಂತರು. ದಿನವಿಡೀ ಬಗ್ಗಿ ಬಗ್ಗಿ ಅವರ ಸೊಂಟ ಕೆಟ್ಟಿತ್ತು, ಆದರೂ ಸಿಟ್ಟಿನಲ್ಲಿ ನೆಟ್ಟಗೆ ನಿಂತರು.

ಡಾಕ್ಟರು: ಒಂದು ಮಾತು ಕೇಳ್ತೀನಿ, ನೇರ ಉತ್ತರ ಕೊಡಿ. ನೀವು ಒಂದಾದರೂ ಒಳ್ಳೇ ಕಾದಂಬರಿ ಕೊನೇವರೆಗೆ ಓದಿದ್ದೀರಾ?

ಅಂಗಡಿಯವರು: ಎಲ್ಲಿಂದ ಓದಲಿ ಡಾಕ್ಟ್ರೇ! ನಾನು ಓದ್ತಾ ಕೂತಿರ್ತೀನಿ. ಚೆನ್ನಾಗಿದ್ರೆ ಮೈ ಮರೀತೀನಿ. ಬಂದ ಗಿರಾಕಿ ಶೆಲ್ಫ್ ನೋಡಲ್ಲ, ನನ್ನ ಮುಖ ನೋಡ್ತಾನೆ. ‘ನೀವು ಓದ್ತಾ ಇದ್ದೀರಲ್ಲ, ಅದೇ ಕೊಡಿ’ ಅಂತಾನೆ. ಓದ್ತಾ ಇರೋದನ್ನ ಕೊಡಲ್ಲ ಅಂದ್ರೆ ಇದು ಅಂಗಡಿ ಹೇಗಾಗುತ್ತೆ, ಮನೆ ಆಗುತ್ತೆ. ಕೇಳಿದ ತಕ್ಷಣ ಕೊಟ್ಟುಬಿಡೋದು, ಅದು ನನ್ನ ನಿಯಮ.

ಡಾಕ್ಟರು: ಹಾಗಾದ್ರೆ ಶೆಲ್ಫಲ್ಲಿ ಇರೋದೆಲ್ಲಾ?

ಅಂಗಡಿಯವರು: ಓದುವಾಗ ನನ್ನ ಮುಖದಲ್ಲಿ ಏನೂ ಕಾಣದೇ ಇದ್ದ ಪುಸ್ತಕಗಳು. ಅವನ್ನ ಪೂರ್ತಿ ಓದಿದ್ದೀನಿ. ಕೆಟ್ಟ ಕಾದಂಬರಿಗಳ ಕೊನೆ ಎಲ್ಲಾ ನನಗೆ ಬಾಯಿಪಾಠ, ಯಾವುದು ಬೇಕು ಕೇಳಿ.

ಡಾಕ್ಟರು: ಆ ನರ್ಸನ್ನಾದ್ರೂ ಕೇಳಬಾರದಿತ್ತಾ?

ಅಂಗಡಿಯವರು: ಆಸ್ಪತ್ರೆಗೇ ಹೋಗಿದ್ದೆ. ‘ಡ್ಯೂಟಿ ಬದಲಾಗಿದೆ, ನಿಮಗೇನು ತೊಂದರೆ ಹೇಳಿ’ ಅಂದ್ರು. ಬೀದಿ ಗುಡಿಸಿದ್ದು ಯಾರು ಅಂತ ತಿಳೀಬೇಕು ಅಂದೆ. ಮನಸ್ಸಿನ ಡಾಕ್ಟ್ರ ಹತ್ರ ಚೀಟಿ ಬರೆದು ಕಳಿಸಿದ್ರು.

ಇದನ್ನು ಹೇಳುವಾಗ ಅಂಗಡಿಯವರ ಧ್ವನಿ ಸ್ವಲ್ಪ ಕುಗ್ಗಿತು. ಆದರೆ ಡಾಕ್ಟರಿಗೆ ಕನಿಕರ ಪಡುವಷ್ಟು ಪುರಸೊತ್ತಿರಲಿಲ್ಲ. ಅವರ ಕಣ್ಣು ಅಂಗಡಿಯವರ ತೊಡೆಯ ಕಡೆ ಹೋಗಿತ್ತು.

ಡಾಕ್ಟರು: ನಾನು ಬಂದಾಗ ಏನೋ ಓದ್ತಾ ಇದ್ರಿ.

ಅಂಗಡಿಯವರು: ಇಲ್ಲವಲ್ಲ.

ಡಾಕ್ಟರು: ಅತ್ತೆ ಸತ್ತರು ಅಂದ್ರೂ ತಲೆ ಎತ್ತದೇ ಪುಟ ಮುಗಿಸಿದ್ರಿ. ಅಂದ್ರೆ ತುಂಬಾ ಚೆನ್ನಾಗಿದೆ. ನೀವು ಓದ್ತಾ ಇದ್ದೀರಲ್ಲ, ಅದೇ ಕೊಡಿ.

ಅಂಗಡಿಯವರ ಮುಖ ಸಪ್ಪಗಾಯಿತು. ನಿಯಮ ತಮ್ಮದೇ. ಪುಸ್ತಕ ಹೊರಬಂತು, ಬೆರಳು ಮಾತ್ರ ಬರಲಿಲ್ಲ.

ಅಂಗಡಿಯವರು: ಅರ್ಧಕ್ಕೆ ಬಂದಿದ್ದೆ ಡಾಕ್ಟ್ರೇ. ನೌಕೆಯೊಂದು ಎಷ್ಟೋ ವರ್ಷದಿಂದ ಹೋಗ್ತಾ ಇದೆ, ಸುತ್ತ ಎಲ್ಲೂ ಏನೂ ಇಲ್ಲ. ರೇಡಿಯೋದಲ್ಲಿ ಒಂದು ಗೊರ ಗೊರ ಅನ್ನೋ ಸದ್ದೂ ಇಲ್ಲ. ಒಂದು ದಿನ ಅದೇ ರೇಡಿಯೋದಲ್ಲಿ ಒಂದು ಧ್ವನಿ ಬರುತ್ತೆ, ‘ಊಟ ಆಯ್ತಾ?’ ಅಂತ. ಅಷ್ಟೇ. ಇನ್ನು ಹತ್ತು ನಿಮಿಷ ಕೊಡಿ, ಯಾರದ್ದು ಅಂತ ನೋಡಿಬಿಟ್ಟು...

ಡಾಕ್ಟರು: ನಿಯಮ ಅಂದ್ರೆ ನಿಯಮ. ಬೆರಳು ತೆಗೀರಿ.

ಬೆರಳು ಹೊರಬಂತು. ಇಷ್ಟು ಕಷ್ಟಪಟ್ಟು ಡಾಕ್ಟರು ಯಾವ ದವಡೆ ಹಲ್ಲನ್ನೂ ಕಿತ್ತಿರಲಿಲ್ಲ. ಗೆದ್ದ ಖುಷಿಯಲ್ಲಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ತಿರುಗಿದರೆ, ಬಾಗಿಲಲ್ಲಿ ಹೆಂಡತಿ, ಸ್ಕೂಟರಿನ ಕೀ ಬೆರಳಲ್ಲಿ ತಿರುಗಿಸುತ್ತ ನಿಂತಿದ್ದಳು.

ಹೆಂಡತಿ: ಒಂದು ನಿಮಿಷ ಅಂದ್ರಿ. ಹೊರಗೆ ನಿಂತು ನಿಂತು ನನಗೆ ವಯಸ್ಸಾಯ್ತು. ಅದೇನದು ಕೈಲಿ?

ಡಾಕ್ಟರು: ನಾಳೆಯ ಕಥೆ! ಈ ಸಲ ನಿನ್ನ ತಮ್ಮ ಬಾಯಿ ಮುಚ್ಕೊಂಡು ಕೇಳ್ತಾನೆ ನೋಡು.

ಹೆಂಡತಿ: ಅದೇ ಕಷ್ಟ ಆಗಿರೋದು. (ಅಂಗಡಿಯವರಿಗೆ) ಸಾರ್, ನಿಮಗೆ ದೊಡ್ಡ ನಮಸ್ಕಾರ, ಇವರಿಗೆ ಪೂರ್ತಿ ಪುಸ್ತಕ ಕೊಡಬೇಡಿ.

ಅಂಗಡಿಯವರು: ಇದುವರೆಗೂ ಯಾವ ಗಿರಾಕಿನೂ ಅರ್ಧ ಪುಸ್ತಕ ಕೇಳಿಲ್ಲಮ್ಮ.

ಹೆಂಡತಿ: ಪೂರ್ತಿ ಕೊಟ್ರೆ ಪೂರ್ತಿ ಓದ್ತಾರೆ. ಓದಿದ ಮೇಲೆ ನಮಗೆ ಬಿಡುಗಡೆ ಇಲ್ಲ. ‘ಎದುರಿಗೆ ರಾಕ್ಷಸ, ಏನ್ಮಾಡ್ತೀರಿ?’ ಅಂತ ಕೇಳ್ತಾರೆ. ಓಡ್ತೀವಿ ಅಂತೀವಿ. ‘ಇಲ್ಲ, ನೀವು ಓಡಲ್ಲ, ಧೈರ್ಯವಾಗಿ ನಿಲ್ತೀರಿ’ ಅಂತಾರೆ. ಪುಸ್ತಕದಲ್ಲಿ ನಿಂತಿದ್ದಾರಂತೆ!

ಡಾಕ್ಟರು: ಓಡಿದ್ರೆ ಮುಂದಿನ ಅಧ್ಯಾಯ ಹೇಗೆ ಬರುತ್ತೆ?

ಹೆಂಡತಿ: ನೋಡಿದ್ರಾ? ಇವರ ತಪ್ಪೂ ಅಲ್ಲ ಬಿಡಿ ಸಾರ್. ಬೆಳಗ್ಗೆಯಿಂದ ಸಂಜೆವರೆಗೆ ತಿರುಗಿ ಮಾತಾಡಕ್ಕಾಗದವರ ಹತ್ರಾನೇ ಇವರ ಮಾತು. ಕೇಳೋದೂ ಇವರೇ, ಉತ್ತರ ಹೇಳೋದೂ ಇವರೇ. ಅಮ್ಮ ಆಕಾಶಕ್ಕೆ ಹಾರಿದ್ದು ಯಾಕೆ ಅಂತೀರಿ? ಅದೊಂದು ಮಾತ್ರ ಇವರ ಪುಸ್ತಕದಲ್ಲಿ ಇರಲಿಲ್ಲ.

ಡಾಕ್ಟರಿಗೆ ಇದು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಭಾನುವಾರಕ್ಕಾಗಿ ವಾರವಿಡೀ ಕಾಯುವ ಮನುಷ್ಯ ಅವರು. ಕ್ಲಿನಿಕ್ಕಿನಲ್ಲಿ ಅವರನ್ನು ಕಂಡರೆ ಜನ ಹೆದರುತ್ತಾರೆ. ಆ ಮೇಜಿನ ಮುಂದೆ ಮಾತ್ರ ತಮ್ಮವರು ಎದುರು ನೋಡುತ್ತಾ ಕೂತಿರುತ್ತಾರೆ ಎಂದು ನಂಬಿದ್ದರು. ಆ ನಂಬಿಕೆ ಹೋದದ್ದಕ್ಕೆ ಅವರಿಗೆ ಕುರ್ಚಿ ಹೋಗುವುದಕ್ಕಿಂತ ಹೆಚ್ಚು ನೋವಾಯಿತು. ನೋವಾದಾಗ ಎಲ್ಲರೂ ಮಾಡುವಂತೆ ಅವರೂ ದನಿ ಏರಿಸಿದರು.

ಡಾಕ್ಟರು: ಹಾಗಾದ್ರೆ ಕೊನೆ ಗೊತ್ತಿಲ್ಲದೇ ಕಥೆ ನಡೆಸಬೇಕಾ? ಯಾವ ತಲೆ ಕೆಟ್ಟವನು ಹಾಗೆ ನಡೆಸ್ತಾನೆ?

ಹೆಂಡತಿ: (ಗಂಡನನ್ನು ಬಿಟ್ಟು, ಅಂಗಡಿಯವರಿಗೆ) ಸಾರ್, ಊಟ ಆಯ್ತಾ ಅಂತ ಏನೋ ಹೇಳ್ತಿದ್ರಲ್ಲ, ನಾನು ಬರುವಾಗ ಕಿವಿಗೆ ಬಿತ್ತು. ಏನದು?

ಅಂಗಡಿಯವರು: ರೇಡಿಯೋದಲ್ಲಿ ಬರೋ ಧ್ವನಿಯಮ್ಮ. ಸುತ್ತ ಕೋಟಿ ಮೈಲಿ ಯಾರೂ ಇಲ್ಲ. ಅದು ಮಾತ್ರ ಕೇಳುತ್ತೆ, ‘ಊಟ ಆಯ್ತಾ?’

ಹೆಂಡತಿ: ಅಯ್ಯಪ್ಪ! ನಾನು ಮೆಕ್ಯಾನಿಕ್. ಇನ್ನೂ ಆಗಿಲ್ಲ ಅಂತೀನಿ.

ಅಂಗಡಿಯವರು ಒಂದು ಕ್ಷಣ ಅವಳನ್ನೇ ನೋಡಿದರು. ಅವರು ಹೇಳಿದ ಕಥೆಯೊಳಕ್ಕೆ ಹೀಗೆ ಬಂದು ಉತ್ತರ ಕೊಟ್ಟವರು ಜೀವಮಾನದಲ್ಲಿ ಯಾರೂ ಇರಲಿಲ್ಲ. ಆಮೇಲೆ, ಕಣ್ಣು ಕಿರಿದು ಮಾಡಿ, ಮೆಲ್ಲಗೆ ಹೇಳಿದರು.

ಅಂಗಡಿಯವರು: ‘ಹಾಗಾದ್ರೆ ಬಾಗಿಲು ತೆಗಿ, ತಂದಿದ್ದೀನಿ’ ಅಂತು ಆ ಧ್ವನಿ.

ಹೆಂಡತಿ ಪಕ್ಕದ ಶೆಲ್ಫು ಹಿಡಿದುಕೊಂಡಳು. ಡಾಕ್ಟರು ಮಾತ್ರ ಪುಸ್ತಕ ಬಿಡಿಸಿ ಸರಸರ ಪುಟ ತಿರುವಿದರು.

ಡಾಕ್ಟರು: ಹಾಗೆ ಇಲ್ಲವಲ್ಲ ಇಲ್ಲಿ! ಮೆಕ್ಯಾನಿಕ್ಕೇ ಇಲ್ಲ ಈ ಕಥೇಲಿ. ತಡೀರಿ, ಆ ಧ್ವನಿ ಯಾರದ್ದು ಅಂತ ಕೊನೇ ಪುಟದಲ್ಲಿ... ಓಹೋ! ಇವನಾ!

ಹೆಂಡತಿ, ಅಂಗಡಿಯವರು: (ಒಟ್ಟಿಗೆ, ಕಿವಿ ಮುಚ್ಚಿಕೊಂಡು) ಹೇಳಬೇಡಿ!

ಡಾಕ್ಟರು: ಅಲ್ಲ ಯಜಮಾನ್ರೇ, ಎಷ್ಟೋ ವರ್ಷದಿಂದ ಒಂದು ಒಳ್ಳೇ ಪುಸ್ತಕದ ಕೊನೆ ಗೊತ್ತಿಲ್ಲ ಅಂತ ಅಳ್ತಾ ಇದ್ರಿ. ಹೇಳ್ತೀನಿ ಅಂದ್ರೆ ಬೇಡ ಅಂತೀರಾ?

ಅಂಗಡಿಯವರು: ಬೇಡ ಡಾಕ್ಟ್ರೇ, ನಿಮಗೆ ಕೈ ಮುಗೀತೀನಿ. ಅವರು ಬಾಗಿಲು ತೆಗೀತಾರೋ ಇಲ್ವೋ ಮೊದಲು ನೋಡಬೇಕು.

ಹೆಂಡತಿ ಆಗಲೇ ಫೋನು ತೆಗೆದು ತಾಯಿಗೆ ವಿಷಯ ಹೇಳುತ್ತಿದ್ದಳು. ಸ್ಪೀಕರಿನಲ್ಲಿ ಅತ್ತೆಯ ಧ್ವನಿ ಅಂಗಡಿ ತುಂಬಿತು. ಸತ್ತವರ ಧ್ವನಿಯಲ್ಲಿ ಅಷ್ಟು ಕಸುವಿರುತ್ತದೆಂದು ಅಂಗಡಿಯವರು ಎಣಿಸಿರಲಿಲ್ಲ.

ಅತ್ತೆ: ಏನು, ಇನ್ನೂ ಆಗಿಲ್ಲ ಅಂದ್ಯಾ? ಬುದ್ಧಿ ಇದೆಯೇನೇ ನಿನಗೆ? ಗುರುತು ಪರಿಚಯ ಇಲ್ಲದವರ ಹತ್ರ ಹಸಿವು ಅಂತ ಹೇಳ್ಕೋತಾರಾ? ಆಯ್ತು, ಈಗ ತಾನೇ ಕೈ ತೊಳ್ಕೊಂಡ್ವಿ ಅನ್ನು! ಬಾಗಿಲು ಮುಟ್ಟಬೇಡ, ನಾನು ಬರೋವರೆಗೆ!

ಹೆಂಡತಿ: ಅಮ್ಮ, ನೀನು ಸತ್ತಿದ್ದೀಯ.

ಅತ್ತೆ: ಹೊರಗೇ ತಾನೇ ಬಿದ್ದಿರೋದು? ಆ ಧ್ವನಿ ಯಾರದ್ದು ಅಂತ ಒಂದು ಸುತ್ತು ಹೋಗಿ ನಾನೇ ನೋಡ್ಕೊಂಡು ಬರ್ತೀನಿ. ಯಾರೇ ಇದು ಕಥೆ ನಡೆಸ್ತಾ ಇರೋದು? ಅಳಿಯಂದ್ರಲ್ಲ ತಾನೇ?

ಹೆಂಡತಿ: ಅಲ್ಲ, ಪುಸ್ತಕದಂಗಡಿಯವರು. ಮುಂದೇನು ಅಂತ ಅವರಿಗೂ ಗೊತ್ತಿಲ್ಲವಂತೆ.

ಅತ್ತೆ: ಗೊತ್ತಿಲ್ವಾ? ದೇವರು ದೊಡ್ಡವನು. ನಾಳೆ ಅವರನ್ನೇ ಕರ್ಕೊಂಡು ಬಾ. ನನ್ನ ಮಗನಿಗೆ ನಾನು ಹೇಳ್ಕೋತೀನಿ, ಅವನು ಬರೆದಿಟ್ಟಿರೋ ಕಥೆ ಫೈಲು ಅವನೇ ಇಟ್ಕೊಳ್ಳಲಿ.

ಫೋನು ಕಟ್ಟಾಯಿತು. ಡಾಕ್ಟರು ಪುಸ್ತಕ ಹಿಡಿದು ನಿಂತೇ ಇದ್ದರು. ಭಾವಮೈದ ಸೋತ ಸಂತೋಷವನ್ನು ಪೂರ್ತಿ ಅನುಭವಿಸುವ ಮೊದಲೇ ತಾವೂ ಸೋತಿರುವುದು ಅವರ ತಲೆಗೆ ಹೊಳೆಯಿತು.

ಡಾಕ್ಟರು: ತಡೀರಿ ತಡೀರಿ. ಪುಸ್ತಕ ಹುಡುಕಿದ್ದು ನಾನು. ಕೊನೆ ಗೊತ್ತಿರೋದೂ ನನಗೊಬ್ಬನಿಗೇ. ಕುರ್ಚಿ ಇವರಿಗಾ?

ಹೆಂಡತಿ: ಕೊನೆ ಗೊತ್ತಿರೋದಕ್ಕೇ ನಿಮಗಿಲ್ಲ. ನೀವೂ ನಮ್ಮ ಜೊತೆ ಒಂದು ಪಾತ್ರ ಮಾಡಿ. ನೌಕೇಲಿ ಡಾಕ್ಟರ ಜಾಗ ಖಾಲಿ ಇದೆ. ಕೊನೆ ಏನು ಅಂತ ಮಾತ್ರ ಯಾರಿಗೂ ಹೇಳೋ ಹಾಗಿಲ್ಲ.

ಡಾಕ್ಟರು: ನಾನಾ? ಪಾತ್ರಾನಾ? ಅದರಲ್ಲೇನಿದೆ ಕಷ್ಟ! ಯಾರು ಬೇಕಾದ್ರೂ ಮಾಡ್ತಾರೆ. ಕಷ್ಟ ಇರೋದೆಲ್ಲಾ ನಡೆಸೋದರಲ್ಲಿ. ಕೇಳಿ ಯಜಮಾನ್ರೇ, ಅದೇನು ಕೇಳ್ತೀರೋ ಕೇಳಿ.

ಅಂಗಡಿಯವರು ಅಂಗಿಯ ತೋಳು ಸರಿಮಾಡಿಕೊಂಡರು. ಬಾಗಿಲಲ್ಲಿ ಗಿರಾಕಿಯೊಬ್ಬ ಬಂದು ಅವರ ಮುಖ ನೋಡಿ, ಏನು ಓದುತ್ತಿದ್ದಾರೆಂದು ಕೈಗಳ ಕಡೆ ಬಗ್ಗಿ ನೋಡಿದ. ಕೈ ಖಾಲಿ ಇದ್ದದ್ದು ಕಂಡು ಪೆಚ್ಚಾಗಿ ಅಲ್ಲೇ ನಿಂತ.

ಅಂಗಡಿಯವರು: ದೀಪ ಆರಿ ಹೋಯ್ತು. ಬಾಗಿಲ ಆಚೆ ಪಾತ್ರೆ ಕೆಳಗಿಟ್ಟ ಸದ್ದು. ರೇಡಿಯೋ ಮತ್ತೆ ಗೊರಗುಟ್ಟಿತು. ಈ ಸಲ ಅದು ನಿಮ್ಮ ಹೆಸರು ಹಿಡಿದು ಕೂಗಿ, ‘ನೀನಾದ್ರೂ ಬಾಗಿಲು ತೆಗೀತೀಯಾ?’ ಅಂತು. ಏನ್ಮಾಡ್ತೀರಿ ಡಾಕ್ಟ್ರೇ?

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. ಬಾಗಿಲಲ್ಲಿದ್ದ ಗಿರಾಕಿ ಕೂಡ ಕಾಯುತ್ತಿದ್ದ. ಡಾಕ್ಟರಿಗೆ ಆ ಧ್ವನಿ ಯಾರದೆಂದು ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ತಾವೇನು ಮಾಡಬೇಕೆಂದು ಗೊತ್ತಿರಲಿಲ್ಲ, ಹೇಳಲೇಬೇಕಿತ್ತು. ಅವರ ಬಾಯಿ ತೆರೆಯಿತು. ತೆರೆದದ್ದು ಹಾಗೇ ನಿಂತಿತು. ಹೆಂಡತಿ ಹತ್ತಿರ ಬಂದು, ಗಲ್ಲ ಹಿಡಿದು, ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು.

ಹೆಂಡತಿ: ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ. ನೋವಾದ್ರೆ ಎಡಗೈ ಎತ್ತಿ.